ಆ ತುಕ್ಕು ಡಬ್ಬಿಯನ್ನು ಎಸೆಯಬೇಡಿ

ಫ್ರೀಮಾಂಟ್, ಆಕ್ಲೆಂಡ್, ಮೆಲ್ಬರ್ನ್, ಟೊರಾಂಟೊ ಹೀಗೆ ಎಲ್ಲೆಲ್ಲೋ ಹಳೆ ಮನೆ ಕೊಂಡು ನೆಲೆಸಿರುವ ಕನ್ನಡಿಗರಿಗೆ,

ನಮಸ್ಕಾರ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಹಳೆ ಮನೆ ಕೊಂಡೆವು. ಹಿತ್ತಲಲ್ಲಿ ಹಲಗೆಯ ಶೆಡ್. ಹಿಂದಿನವರು ಬಿಟ್ಟುಹೋದ ಸಾಮಾನೆಲ್ಲ ಅದರೊಳಗೆ. ಕಾಲು ಮುರಿದ ಕುರ್ಚಿ, ಒಣಗಿದ ಪೇಂಟ್ ಡಬ್ಬಿಗಳು, ಹೊಲಿಗೆ ಮೆಷಿನ್ನಿನ ಚಕ್ರ. ಮೂಲೆಯಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ. ರೊಟ್ಟಿ ಹಂಚಿನಷ್ಟು ಅಗಲ, ಎರಡು ಬೆರಳು ದಪ್ಪ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ವಾರಗಟ್ಟಲೆ ಒಗೆಯದ ಕಾಲುಚೀಲದ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಒಳಗೆ ಕಂದು ಬಣ್ಣದ ಹಳೇ ಸಿನಿಮಾ ಫಿಲ್ಮಿನ ಸುರುಳಿ, ಬೆಲ್ಲದ ಪಾಕ ಸುರಿದ ಹಾಗೆ ಅಂಟಂಟು. ‘ಮುಚ್ಚು ಮಾರಾಯ್ತಿ’ ಅಂದರು ನಮ್ಮ ಯಜಮಾನರು. ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಕಸಕ್ಕೆ ಹಾಕಿದೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ.

ಅದರಲ್ಲಿ ಏನಿತ್ತು ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ. ಯಾವುದೋ ಜಾಹೀರಾತು ಇದ್ದಿರಬಹುದು. ಏನೂ ಇಲ್ಲದಿರಲೂಬಹುದು.

ಬೇಜಾರು ಯಾಕೆ ಜಾಸ್ತಿ ಅಂದರೆ, ಫಿಲ್ಮ್ ಅಂದರೆ ಏನು ಅಂತ ಗೊತ್ತಿಲ್ಲದವಳಲ್ಲ ನಾನು. ನಮ್ಮೂರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ರೀಲ್ ಕಟ್ ಆದಾಗ ಆಪರೇಟರ್ ಕತ್ತರಿಸಿ ಬಿಸಾಡಿದ ತುಂಡುಗಳಿಗೆ ನಾವು ಹುಡುಗರು ಹುಡುಗಿಯರೆಲ್ಲ ಮುಗಿಬೀಳುತ್ತಿದ್ದೆವು. ಅಣ್ಣ ಕೆಟ್ಟುಹೋದ ಬಲ್ಬಿನ ಹಿಂಭಾಗ ಒಡೆದು, ಒಳಗಿನ ತಂತಿ ಕಿತ್ತು, ನೀರು ತುಂಬಿಸುತ್ತಿದ್ದ. ಅದೇ ಲೆನ್ಸ್. ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಗೋಡೆಗೆ ಅಪ್ಪನ ಬಿಳಿ ಪಂಚೆ ಕಟ್ಟುವುದು. ಹೊರಗೆ ಬಿಸಿಲಲ್ಲಿ ನಾನು ಕನ್ನಡಿ ಹಿಡಿದು ನಿಲ್ಲುವುದು. ಕೈ ಒಂಚೂರು ಅಲ್ಲಾಡಿದರೂ ಒಳಗಿಂದ ಬೈಗುಳ. ಹಾಗೆ ಒಂದೊಂದು ತುಂಡಿಗೂ ಜಗಳ ಆಡಿದವಳು, ಇಡೀ ಡಬ್ಬಿ ಕೈಗೆ ಸಿಕ್ಕಾಗ ಕಸಕ್ಕೆ ಹಾಕಿದೆ.

ಡಬ್ಬಿಯ ಬೆಲೆ ಗೊತ್ತಾಗಿದ್ದು ಮೂರು ತಿಂಗಳ ನಂತರ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ. ಫ್ರೀಮಾಂಟ್‌ನವರಿಗೆ ಊರಿನದ್ದೇ ಭಾಗವಾದ ನೈಲ್ಸ್ ಗೊತ್ತೇ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ಹಳೇ ಕಾಲದ ರೈಲು ಹತ್ತಿಸೋಕೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಅಲ್ಲಿಯ ಮುಖ್ಯ ಬೀದಿಯಲ್ಲಿ ಎಡಿಸನ್ ಅಂತ ಒಂದು ಪುಟ್ಟ ಥಿಯೇಟರ್ ಇದೆ. 1913ರದ್ದು. ಈಗ ಅದು ಮೂಕಿ ಚಿತ್ರಗಳ ಮ್ಯೂಸಿಯಂ. ಶನಿವಾರ ಸಂಜೆ ಪಕ್ಕದಲ್ಲಿ ಪಿಯಾನೊ ನುಡಿಸುತ್ತಾ ಹಳೆಯ ಚಿತ್ರಗಳನ್ನು ತೋರಿಸುತ್ತಾರೆ. ಒಂದು ಶನಿವಾರ ಸುಮ್ನೆ ಹೋಗಿ ಕೂತೆ. ಆಮೇಲೆ ಹೊರಗಿಟ್ಟಿದ್ದ ಡಬ್ಬಿಗಳನ್ನು ನೋಡಿದೆ. ಅದೇ ಅಗಲ, ಅದೇ ದಪ್ಪ. ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು.

1912ರಿಂದ 1916ರವರೆಗೆ ನೈಲ್ಸ್ ಸಿನಿಮಾದವರ ಊರು. ಎಸ್ಸನೇ ಅನ್ನೋ ಕಂಪನಿ ಇಲ್ಲಿ ಸ್ಟುಡಿಯೊ ಹಾಕಿತ್ತು. ಮಾಲೀಕರು ಇಬ್ಬರು, ಸ್ಪೂರ್ ಮತ್ತು ಆಂಡರ್ಸನ್. ಎಸ್ ಆಂಡ್ ಎ. ಬೇಗ ಬೇಗ ಹೇಳಿ ನೋಡಿ, ಎಸ್ಸನೇ ಆಗುತ್ತದೆ. ಆ ಆಂಡರ್ಸನ್ನೇ ಬ್ರಾಂಕೊ ಬಿಲ್ಲಿ, ಬೆಳ್ಳಿತೆರೆಯ ಮೊದಲ ಕೌಬಾಯ್ ಹೀರೊ. ಅಂದಾಜು 350 ಚಿತ್ರ ಇಲ್ಲಿ ತಯಾರಾದವು. 1915ರಲ್ಲಿ ಕೆಲವು ತಿಂಗಳು ಚಾಪ್ಲಿನ್ ಕೂಡ ಇಲ್ಲಿದ್ದ. ‘ದಿ ಟ್ರ್ಯಾಂಪ್’ ಕೊನೆಯಲ್ಲಿ ಬೆನ್ನು ತೋರಿಸಿ ನಡೆದು ಹೋಗುತ್ತಾನಲ್ಲ, ಆ ದಾರಿ ನೈಲ್ಸ್ ಕಣಿವೆಯದ್ದು.

ನನ್ನ ಮನಸ್ಸಿಗೆ ಅಂಟಿಕೊಂಡಿದ್ದು ಚಾಪ್ಲಿನ್ ಅಲ್ಲ. ಅವನನ್ನು ನೋಡಿಕೊಳ್ಳೋಕೆ ಇಡೀ ಪ್ರಪಂಚ ಇದೆ. ಅಂಟಿಕೊಂಡಿದ್ದು ಸ್ನೇಕ್‌ವಿಲ್. ಹಾವಿನೂರು ಅಂತಿಟ್ಟುಕೊಳ್ಳಿ. ಎಸ್ಸನೇಯವರು ಕೌಬಾಯ್ ಚಿತ್ರಗಳ ಜೊತೆಜೊತೆಗೇ ಅದೇ ಕೌಬಾಯ್‌ಗಳನ್ನು ಗೇಲಿ ಮಾಡುವ ಹಾಸ್ಯಚಿತ್ರಗಳನ್ನೂ ತೆಗೆದರು. ಆ ಚಿತ್ರಗಳ ಕಲ್ಪನೆಯ ಊರು ಈ ಸ್ನೇಕ್‌ವಿಲ್. ಅದರ ಮೊದಲ ಹೀರೊ ಆಲ್ಕಲಿ ಐಕ್, ಅಂದರೆ ಅಗಸ್ಟಸ್ ಕಾರ್ನಿ. ಆಲ್ಕಲಿ ಅಂದರೆ ನಮ್ಮ ಚೌಳು ಮಣ್ಣು. ಚೌಳು ನೆಲದ ಐಕ್! ನಮ್ಮ ಬಯಲುಸೀಮೆಯಲ್ಲೂ ಇಂಥ ಅಡ್ಡಹೆಸರು ಇಡುವವರಿದ್ದಾರೆ. ಜೊತೆಗೆ ಉದ್ದಕ್ಕೆ ಗಳದ ಹಾಗಿದ್ದ ಸ್ಲಿಪರಿ ಸ್ಲಿಮ್, ಮಸ್ಟ್ಯಾಂಗ್ ಪೀಟ್, ಎಲ್ಲರೂ ಹಿಂದೆ ಬೀಳುವ ಸೋಫಿ ಕ್ಲಟ್ಸ್. ಸೋಫಿ ಪಾತ್ರದ ಮಾರ್ಗರೆಟ್ ಜಾಸ್ಲಿನ್ ಮತ್ತು ಪೀಟ್ ಪಾತ್ರದ ಹ್ಯಾರಿ ಟಾಡ್ ನಿಜ ಜೀವನದಲ್ಲಿ ಗಂಡ ಹೆಂಡತಿ. ಐಕ್ ಎಷ್ಟು ಜನಪ್ರಿಯ ಅಂದರೆ ಅಂಗಡಿಯಲ್ಲಿ ಅವನ ಬೊಂಬೆ ಮಾರುತ್ತಿದ್ದರು. 1914ರಲ್ಲಿ ಕಾರ್ನಿ ಬೇರೆ ಕಂಪನಿಗೆ ಹೋದ. ಅಲ್ಲಿ ಹೆಸರಷ್ಟೇ ಬದಲಿಸಿ ಅದೇ ಐಕ್ ಆದ, ಆದರೆ ಆ ಕಳೆ ಮತ್ತೆ ಬರಲಿಲ್ಲ. ಇಲ್ಲಿ ಸ್ಲಿಮ್ ಮತ್ತು ಸೋಫಿ ಅಂಗಡಿ ಮುಂದುವರಿಸಿದರು.

‘ಆಲ್ಕಲಿ ಐಕ್ಸ್ ಆಟೊ’ ಅಂತ 1911ರ ಒಂದು ಚಿತ್ರ ಉಳಿದಿದೆ. ಒಬ್ಬಳು ಹುಡುಗಿಗೆ ಇಬ್ಬರ ಪೈಪೋಟಿ. ಐಕ್ ಕುದುರೆ ಕೊಟ್ಟು ಬದಲಿಗೆ ಕಾರು ತರುತ್ತಾನೆ. ಕಾರು ಕುದುರೆ ಅಲ್ಲ, ಹೋ ಅಂದರೆ ನಿಲ್ಲಲ್ಲ. ಇಷ್ಟೇ ಕಥೆ. ಇಂಥವು ಡಜನ್‌ಗಟ್ಟಲೆ ಬಂದವು. ‘ಸ್ನೇಕ್‌ವಿಲ್ಸ್ ನ್ಯೂ ಡಾಕ್ಟರ್’, ‘ಎ ಹಾಟ್ ಟೈಮ್ ಇನ್ ಸ್ನೇಕ್‌ವಿಲ್’ ಅಂತ ಹೆಸರುಗಳ ಸಾಲೇ ಇದೆ. ಹೆಚ್ಚಿನವುಗಳದ್ದು ಈಗ ಹೆಸರು ಮಾತ್ರ.

ಯಾಕೆ ಉಳಿಯಲಿಲ್ಲ? ಆಗಿನ ಒಂದು ರೀಲ್ ಅಂದರೆ 1000 ಅಡಿ, ಹತ್ತರಿಂದ ಹದಿನೈದು ನಿಮಿಷದ ಆಟ. ಅದು ಇವತ್ತಿನ ಪೇಪರ್ ಇದ್ದ ಹಾಗೆ. ನಾಳೆಗೆ ಬೇರೆ ಬರುತ್ತದೆ. ಕಂಪನಿಯವರಿಗೇ ಅದರ ಮೇಲೆ ಎಷ್ಟು ಗೌರವ ಇತ್ತು ಅನ್ನೋಕೆ ಚಾಪ್ಲಿನ್ ಆತ್ಮಕಥೆಯಲ್ಲೇ ಒಂದು ಪ್ರಸಂಗ ಇದೆ. ಎಸ್ಸನೇಯ ಮುಖ್ಯ ಸ್ಟುಡಿಯೊ ಚಿಕಾಗೊದಲ್ಲಿತ್ತು. ಅಲ್ಲಿ ತೆಗೆದ ದೃಶ್ಯ ಹೇಗಿದೆ ಅಂತ ನೋಡಲು ಪ್ರಿಂಟ್ ಹಾಕಿಸುವ ಖರ್ಚು ಯಾಕೆ ಅಂತ ನೆಗೆಟಿವ್ ಅನ್ನೇ ಪ್ರೊಜೆಕ್ಟರಿಗೆ ಹಾಕಿ ಓಡಿಸುತ್ತಿದ್ದರಂತೆ. ಚಾಪ್ಲಿನ್ ಹೌಹಾರಿದ. ನೆಗೆಟಿವ್ ಅಂದರೆ ಬಿತ್ತನೆ ಭತ್ತ. ಇವರು ಅದನ್ನೇ ಕುಟ್ಟಿ ಅನ್ನ ಮಾಡಿಕೊಂಡರು. ಒಂದು ಗೀರು ಬಿದ್ದರೆ ಮುಂದಿನ ಎಲ್ಲ ಪ್ರಿಂಟಿನಲ್ಲೂ ಅದೇ ಗೀರು. 1916ರಲ್ಲಿ ನೈಲ್ಸ್ ಸ್ಟುಡಿಯೊ ಬಾಗಿಲು ಹಾಕಿತು. ಸ್ವಲ್ಪ ವರ್ಷದಲ್ಲಿ ಕಂಪನಿಯೂ ಮುಗಿಯಿತು. ವಾರಸುದಾರರಿಲ್ಲದ ಆಸ್ತಿಯ ಗತಿ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾ?

ಸರಿ, ಚಿಕ್ಕ ಕಂಪನಿ, ಚಿಕ್ಕ ಚಿತ್ರ, ಹೋಯಿತು ಅನ್ನೋಣ. ದೊಡ್ಡವರದ್ದಾದರೂ ಉಳಿಯಿತಾ? ನಾನು ತುಂಬಾ ನೋಡಬೇಕು ಅಂತ ಆಸೆಪಟ್ಟಿರುವ ಚಿತ್ರ ಪ್ಯಾರಮೌಂಟ್‌ನದ್ದು. ‘ರಗಲ್ಸ್ ಆಫ್ ರೆಡ್ ಗ್ಯಾಪ್’, 1923. ಹ್ಯಾರಿ ಲಿಯಾನ್ ವಿಲ್ಸನ್ 1915ರಲ್ಲಿ ಬರೆದ ಕಾದಂಬರಿಯ ಮೇಲೆ ಮಾಡಿದ್ದು. ರಗಲ್ಸ್ ಒಬ್ಬ ಇಂಗ್ಲಿಷ್ ದೊರೆಯ ಖಾಸಾ ಆಳು. ಕೋಟಿಗೆ ಬ್ರಷ್ ಹಾಕುವುದರಿಂದ ಹಿಡಿದು ಟೈ ಕಟ್ಟುವ ತನಕ ಎಲ್ಲ ಅವನದ್ದೇ. ಪ್ಯಾರಿಸ್‌ನಲ್ಲಿ ದೊರೆ ಇಸ್ಪೀಟಾಡುತ್ತಾ ಈ ಆಳನ್ನೇ ಪಣಕ್ಕಿಟ್ಟು ಸೋಲುತ್ತಾನೆ, ಥೇಟ್ ಧರ್ಮರಾಯನ ಹಾಗೆ. ಗೆದ್ದವರು ಅಮೆರಿಕದ ಪಶ್ಚಿಮದ ರೆಡ್ ಗ್ಯಾಪ್ ಅನ್ನೋ ಪುಟ್ಟ ಊರಿನ ಹೊಸ ಸಾಹುಕಾರರು. ಅವರ ಜೊತೆ ಹೋದರೆ, ಊರವರೆಲ್ಲ ಇವನನ್ನು ಯಾರೋ ಕರ್ನಲ್ ಸಾಹೇಬರು ಅಂತ ತಿಳಿದು ಸಲಾಮು ಹೊಡೆಯುತ್ತಾರೆ. ಕೊನೆಗೆ ಅವನು ಅಲ್ಲೇ ಒಂದು ಹೋಟೆಲ್ ಇಟ್ಟು ತನ್ನ ಕಾಲ ಮೇಲೆ ತಾನು ನಿಲ್ಲುತ್ತಾನೆ. ಪರದೇಶಕ್ಕೆ ಹೋಗಿ ಹೋಟೆಲ್ ಇಟ್ಟು ಬದುಕಿದವರ ಕಥೆ ನಮಗೆ ಹೊಸತಲ್ಲ. ಉಡುಪಿ ಕಡೆಯವರಿಗಂತೂ ಅಲ್ಲವೇ ಅಲ್ಲ.

ಅದರ ತಾರಾಗಣ ಕೇಳಿ. ಇಂಗ್ಲಿಷ್ ಆಳು ರಗಲ್ಸ್ ಆಗಿದ್ದವನು ಎಡ್ವರ್ಡ್ ಎವರೆಟ್ ಹಾರ್ಟನ್. ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಒರಟು ಅಮೆರಿಕನ್ ಹಳ್ಳಿಗ ಎಗ್ಬರ್ಟ್ ಆಗಿದ್ದವನು ಅರ್ನೆಸ್ಟ್ ಟಾರೆನ್ಸ್. ಅವನು ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ, ಸಂಗೀತ ಕಲಿತು ಆಪೆರಾ ಹಾಡುತ್ತಿದ್ದವನು! ಅಮೆರಿಕದವನು ಇಂಗ್ಲೆಂಡಿನವನಾದ, ಸ್ಕಾಟ್ಲೆಂಡಿನವನು ಕೌಬಾಯ್ ಊರಿನವನಾದ. ಮಾತಿಲ್ಲದ ಚಿತ್ರದಲ್ಲಿ ಇದಕ್ಕೆಲ್ಲ ಅಡ್ಡಿಯೇ ಇಲ್ಲ. ಉಚ್ಚಾರಣೆ ಯಾರಿಗೆ ಕೇಳಿಸುತ್ತದೆ? ಎಲ್ಲ ಮುಖದಲ್ಲಿ, ನಡಿಗೆಯಲ್ಲಿ. ಹಾರ್ಟನ್ ಹುಬ್ಬು ಹಾರಿಸುವುದನ್ನು ಆಮೇಲಿನ ಟಾಕಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಾತೇ ಇಲ್ಲದಾಗ ಆ ಹುಬ್ಬು ಎಷ್ಟು ಕೆಲಸ ಮಾಡಿರಬೇಡ!

ನಿರ್ದೇಶಕ ಜೇಮ್ಸ್ ಕ್ರೂಜ್. ಅದೇ 1923ರಲ್ಲಿ ಅವನದ್ದೇ ‘ದಿ ಕವರ್ಡ್ ವ್ಯಾಗನ್’ ಬಂತು. ನೆವಾಡಾ ಮತ್ತು ಯೂಟಾ ಗಡಿಯ ಬಯಲಿನಲ್ಲಿ ನೂರಾರು ಗಾಡಿ, ಎತ್ತು, ಕುದುರೆ ಕಟ್ಟಿಕೊಂಡು ಹೋಗಿ ತೆಗೆದ ಭಾರಿ ವೆಸ್ಟರ್ನ್. ಕ್ಯಾಮೆರಾಮನ್ ಕಾರ್ಲ್ ಬ್ರೌನ್. ನಟರು ಲೋಯಿಸ್ ವಿಲ್ಸನ್, ಅರ್ನೆಸ್ಟ್ ಟಾರೆನ್ಸ್, ಚಾರ್ಲ್ಸ್ ಓಗಲ್. ಈಗ ‘ರಗಲ್ಸ್’ಗೆ ಬನ್ನಿ. ಅದೇ ನಿರ್ದೇಶಕ, ಅದೇ ಕ್ಯಾಮೆರಾಮನ್, ಅದೇ ಕಂಪನಿ, ಅದೇ ವರ್ಷ, ಅದೇ ಮೂವರು ನಟರು. ಗಾಡಿಗಳ ಚಿತ್ರ ಇವತ್ತಿಗೂ ಮನೆಯಲ್ಲಿ ಕೂತು ನೋಡಬಹುದು. ನಗಿಸಿದ ಚಿತ್ರದ ಪ್ರತಿ ಹಳೇ ಚಿತ್ರ ಕಾಪಾಡಿಡುವ ಯಾವ ಆರ್ಕೈವ್‌ನಲ್ಲೂ ಇಲ್ಲ. ಅದೇ ಕಾದಂಬರಿಯನ್ನು 1918ರಲ್ಲಿ ನಮ್ಮ ಎಸ್ಸನೇಯವರೂ ಚಿತ್ರ ಮಾಡಿದ್ದರು. ಅದೂ ಕಾಣೆ. ಕ್ರೂಜ್‌ನ ಇನ್ನೆರಡು ಹಾಸ್ಯಚಿತ್ರ, 1923ರ ‘ಹಾಲಿವುಡ್’ ಮತ್ತು 1924ರ ‘ಮರ್ಟನ್ ಆಫ್ ದಿ ಮೂವೀಸ್’, ಅವೂ ಕಾಣೆ.

ಗಂಭೀರವಾದದ್ದನ್ನು ಜೋಪಾನವಾಗಿ ಇಟ್ಟು, ನಗಿಸಿದ್ದನ್ನು ಬಿಸಾಡುತ್ತಾರೆ ಅಂತ ನನಗೊಂದು ಗುಮಾನಿ. ಹಾಗಂತ ವಾದ ಮಾಡಿದರೆ ಯಾರಾದರೂ ಚಾಪ್ಲಿನ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬಹುದು. ಚಾಪ್ಲಿನ್ ಉಳಿದಿದ್ದು ಜನ ಕೇಳುತ್ತಲೇ ಇದ್ದರು ಅಂತ. ಕೇಳೋರಿಲ್ಲದ್ದು ಹೋಯಿತು.

ಒಟ್ಟು ಲೆಕ್ಕ ಇನ್ನೂ ಕಷ್ಟದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಹೊರತಂದಿತು. 1912ರಿಂದ 1929ರವರೆಗೆ ಅಲ್ಲಿ ಬಿಡುಗಡೆಯಾದ ಪೂರ್ಣಪ್ರಮಾಣದ ಮೂಕಿ ಚಿತ್ರಗಳು 10,919. ಅದರಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ಶೇಕಡಾ 14. ಇನ್ನೊಂದು ಶೇಕಡಾ 11 ವಿದೇಶಿ ಪ್ರತಿಗಳಲ್ಲೋ ಸಣ್ಣ ಅಳತೆಯ ಫಿಲ್ಮಿನಲ್ಲೋ ಇವೆ. ತುಂಡು ತುಂಡಾಗಿ ಸಿಕ್ಕಿದ್ದು ಶೇಕಡಾ 5. ಉಳಿದ 70 ಇಲ್ಲ. ಕಾರಣ ಒಂದೆರಡಲ್ಲ. ಆಗಿನ ಫಿಲ್ಮ್ ನೈಟ್ರೇಟ್‌ನದ್ದು, ಬಂದೂಕಿನ ಮದ್ದಿನ ಜಾತಿ. ಹತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಒಂದು ಉಗ್ರಾಣಕ್ಕೆ ಬೆಂಕಿ ಬಿದ್ದು ಫಾಕ್ಸ್ ಕಂಪನಿಯ ಮೂಕಿ ಚಿತ್ರಗಳ ರಾಶಿಯೇ ಬೂದಿಯಾಯಿತು. ಉಳಿದದ್ದನ್ನು ಜಾಗ ಸಾಲಲ್ಲ ಅಂತ ಸುಟ್ಟರು, ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯೋಕೆ ಕರಗಿಸಿದರು. ಟಾಕಿ ಬಂದ ಮೇಲೆ ಮೂಕಿ ಯಾರಿಗೆ ಬೇಕು?

ಇಷ್ಟೆಲ್ಲ ಅಮೆರಿಕದ ಗೋಳು ನಮಗ್ಯಾಕೆ ಅಂತೀರಾ? ಇಲ್ಲಿದೆ ನೋಡಿ ನಮ್ಮ ಪಾಲು.

ಆ ಕಾಲದಲ್ಲಿ ಚಿತ್ರದ ಪ್ರಿಂಟ್ ಊರಿಂದ ಊರಿಗೆ ಹೋಗುತ್ತಿತ್ತು. ಮೊದಲು ದೊಡ್ಡ ನಗರ, ಆಮೇಲೆ ಸಣ್ಣ ಪಟ್ಟಣ, ಆಮೇಲೆ ಹಡಗು ಹತ್ತಿ ದೂರದೇಶ. ಬಸ್ಸಿನ ಕೊನೇ ಸ್ಟಾಪಿನ ಹಾಗೆ ಒಂದು ಕೊನೇ ಊರು ಇರುತ್ತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಪ್ರಿಂಟ್ ಹಳತಾಗಿ, ವಾಪಸ್ ತರಿಸುವ ಸಾಗಣೆ ಖರ್ಚೂ ಗಿಟ್ಟುತ್ತಿರಲಿಲ್ಲ. ಅಲ್ಲೇ ಬಿಟ್ಟುಬಿಡಿ ಅನ್ನುತ್ತಿದ್ದರು. ಕೆನಡಾದ ಯೂಕಾನ್‌ನ ಡಾಸನ್ ಸಿಟಿ ಅಂಥ ಒಂದು ಕೊನೇ ಊರು. ಅಲ್ಲಿ ರಾಶಿ ಬಿದ್ದ ರೀಲುಗಳನ್ನು 1929ರಲ್ಲಿ ಹಳೇ ಈಜುಕೊಳ ಮುಚ್ಚೋಕೆ ಮಣ್ಣಿನ ಜೊತೆ ತುಂಬಿದರು. 1978ರಲ್ಲಿ ಕಟ್ಟಡದ ಕೆಲಸಕ್ಕೆ ಅಗೆದಾಗ 533 ರೀಲ್ ಹೊರಬಂದವು. ಹೆಪ್ಪುಗಟ್ಟಿದ ನೆಲವೇ ಫ್ರಿಜ್ ಆಗಿ ಕಾಪಾಡಿತ್ತು. ನ್ಯೂಜಿಲೆಂಡ್ ಇನ್ನೊಂದು ಕೊನೇ ಸ್ಟಾಪ್. 2010ರಲ್ಲಿ ಅಲ್ಲಿಂದ ಸುಮಾರು 75 ಅಮೆರಿಕನ್ ಚಿತ್ರಗಳನ್ನು ವಾಪಸ್ ತರುವ ಏರ್ಪಾಡಾಯಿತು. ಹೆಸರಾಂತ ನಿರ್ದೇಶಕ ಜಾನ್ ಫೋರ್ಡ್‌ನ 1927ರ ‘ಅಪ್‌ಸ್ಟ್ರೀಮ್’ ಅದರಲ್ಲಿತ್ತು. ಅದನ್ನು ಕಾಪಾಡಿದ್ದು ಒಬ್ಬ ಪ್ರೊಜೆಕ್ಟರ್ ಆಪರೇಟರ್, ತನ್ನ ಶೆಡ್‌ನಲ್ಲಿ! ನಮ್ಮ ಟೆಂಟಿನ ಆಪರೇಟರ್‌ನ ಜಾತಿಯವನೇ. ಸ್ಯಾನ್ ರಫೆಲ್‌ನಲ್ಲಿ, ಅಂದರೆ ನಮ್ಮ ಬೇ ಏರಿಯಾದಲ್ಲೇ, ತಯಾರಾದ 1914ರ ‘ಸಲೋಮಿ ಜೇನ್’ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಫೋರ್ಡ್‌ನದ್ದೇ 1918ರ ವೆಸ್ಟರ್ನ್ ‘ದಿ ಸ್ಕಾರ್ಲೆಟ್ ಡ್ರಾಪ್’ ಮೊನ್ನೆಮೊನ್ನೆ ಚಿಲಿಯ ಒಂದು ಗೋದಾಮಿನಲ್ಲಿ. ಡೆನ್ಮಾರ್ಕಿನ ನಿರ್ದೇಶಕ ಡ್ರೆಯರ್‌ನ ‘ಜೋನ್ ಆಫ್ ಆರ್ಕ್’ನ ಮೂಲ ಪ್ರತಿ ನಾರ್ವೆಯ ಮಾನಸಿಕ ಆಸ್ಪತ್ರೆಯ ಬೀರುವಿನಲ್ಲಿ. ಮೇಲೆ ಹೇಳಿದ ಚಾರ್ಲ್ಸ್ ಓಗಲ್ 1910ರಲ್ಲಿ ಎಡಿಸನ್ ಕಂಪನಿಯ ‘ಫ್ರಾಂಕನ್‌ಸ್ಟೈನ್’ನಲ್ಲಿ ರಾಕ್ಷಸನಾಗಿದ್ದ. ಅದೂ ಹೋಯಿತು ಅಂದುಕೊಂಡಿದ್ದರು. ವಿಸ್ಕಾನ್ಸಿನ್‌ನ ಒಬ್ಬರ ಮನೆಯಲ್ಲಿ ಭದ್ರವಾಗಿತ್ತು.

ಈ ಕೊನೇ ಸ್ಟಾಪುಗಳಲ್ಲಿ ಈಗ ಯಾರಿದ್ದಾರೆ? ಯುಗಾದಿಗೆ ಹೋಳಿಗೆ ತಟ್ಟುವ, ನವೆಂಬರಿನಲ್ಲಿ ಬಾವುಟ ಕಟ್ಟುವ ನಾವು. ಹಳೆ ಮನೆ ಕೊಳ್ಳುತ್ತೇವೆ, ಶೆಡ್ ಖಾಲಿ ಮಾಡಿಸುತ್ತೇವೆ, ಗರಾಜ್ ಸೇಲ್‌ಗೆ ಹೋಗಿ ಐದು ಡಾಲರಿಗೆ ಪೆಟ್ಟಿಗೆ ತರುತ್ತೇವೆ. ‘ರಗಲ್ಸ್’ ಎಲ್ಲಾದರೂ ಉಳಿದಿದ್ದರೆ ಅದು ಪ್ಯಾರಮೌಂಟ್ ಕಚೇರಿಯಲ್ಲಂತೂ ಇರಲ್ಲ. ಇಂಥ ಒಂದು ಅಟ್ಟದಲ್ಲೇ ಇರುತ್ತದೆ.

ಹಾಗಾಗಿ ಡಬ್ಬಿ ಸಿಕ್ಕರೆ ದಯವಿಟ್ಟು ನನ್ನ ಹಾಗೆ ಮಾಡಬೇಡಿ. ಕಸದ ಲಾರಿಗೆ ನೈಟ್ರೇಟ್ ಹಾಕಿದೆನಲ್ಲ, ಅದು ಹತ್ತಿಕೊಂಡಿದ್ದರೆ ಏನು ಗತಿ ಅಂತ ಈಗಲೂ ನೆನೆದರೆ ಭಯ. ಬೆಂಕಿಕಡ್ಡಿ ಗೀರಿ ನೈಟ್ರೇಟ್ ಹೌದೋ ಅಲ್ಲವೋ ನೋಡುವ ಸಾಹಸ ಬೇಡವೇ ಬೇಡ. ಮನೆಯೊಳಗೆ ತರಬೇಡಿ. ನೆರಳಲ್ಲಿ, ತಂಪಲ್ಲಿ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಸುತ್ತಬೇಡಿ. ಬಲವಂತವಾಗಿ ಸುರುಳಿ ಬಿಚ್ಚಬೇಡಿ, ಪ್ರೊಜೆಕ್ಟರಿಗೆ ಹಾಕಬೇಡಿ. ಡಬ್ಬಿಯ ಮೇಲಿನ ಚೀಟಿ ಹರಿದಿದ್ದರೂ ಅದರ ಫೋಟೊ ತೆಗೆಯಿರಿ. ಹೊರಗಿನ ಒಂದೆರಡು ಸುತ್ತು ತಾನಾಗಿ ಬಿಡಿಸಿಕೊಂಡರೆ ಹಗಲು ಬೆಳಕಿಗೆ ಹಿಡಿದು ಫೋಟೊ ತೆಗೆಯಿರಿ. ಅಂಚಿನಲ್ಲಿ ನೈಟ್ರೇಟ್ ಅಂತಲೋ ಸೇಫ್ಟಿ (ಅಂದರೆ ಸುಲಭಕ್ಕೆ ಹತ್ತಿಕೊಳ್ಳದ ಫಿಲ್ಮ್) ಅಂತಲೋ ಸಣ್ಣಗೆ ಇಂಗ್ಲಿಷಿನಲ್ಲಿ ಅಚ್ಚಾಗಿರಬಹುದು, ಅದೂ ಬರಲಿ. ಫಿಲ್ಮ್ ಕಿರಿದಾಗಿದ್ದು ತೂತುಗಳು ಮಧ್ಯದಲ್ಲಿದ್ದರೆ ಅದು ಮನೆಯಲ್ಲಿ ನೋಡೋಕೆ ಮಾರುತ್ತಿದ್ದ 9.5 ಮಿಲಿಮೀಟರ್. ಸಣ್ಣದು ಅಂತ ಅಸಡ್ಡೆ ಬೇಡ. ಎಷ್ಟೋ ಚಿತ್ರಗಳು ಅಂಥ ಪ್ರತಿಗಳಲ್ಲೇ ಬದುಕಿವೆ. ಅಂಚೆಗಂತೂ ಹಾಕಲೇಬೇಡಿ, ನೈಟ್ರೇಟ್ ಅಪಾಯದ ಸರಕು. ಅಮೆರಿಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅಥವಾ ರಾಚೆಸ್ಟರ್‌ನ ಈಸ್ಟ್‌ಮನ್ ಮ್ಯೂಸಿಯಂ, ಆಸ್ಟ್ರೇಲಿಯಾದಲ್ಲಿ ಕ್ಯಾನ್‌ಬೆರಾದ ರಾಷ್ಟ್ರೀಯ ಚಿತ್ರ ಆರ್ಕೈವ್, ನ್ಯೂಜಿಲೆಂಡ್‌ನಲ್ಲಿ ಙಾ ತಾವೊಂಗಾ ಅನ್ನೋ ಆರ್ಕೈವ್, ಇವರಿಗೆ ಒಂದು ಈಮೇಲ್ ಹಾಕಿ. ಉಳಿದದ್ದು ಅವರ ತಲೆನೋವು.

ಅದರಲ್ಲಿ ಏನಿದೆ ಅಂತ ಗೊತ್ತಾಗದಿದ್ದರೂ ಚಿಂತೆ ಇಲ್ಲ. ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಲೈಬ್ರರಿಯವರು ಹೆಸರು ಗೊತ್ತಿಲ್ಲದ ಚಿತ್ರಗಳನ್ನು ತೋರಿಸುವ ಒಂದು ಕೂಟವನ್ನು 2012ರಲ್ಲಿ ಶುರು ಮಾಡಿದರು. ಅಲ್ಲಿ ಪ್ರೇಕ್ಷಕರು ಸುಮ್ಮನಿರುವ ಹಾಗಿರಲಿಲ್ಲ, ಕೂಗಬೇಕಿತ್ತು. ಆ ಕಾರು ಇಂಥ ವರ್ಷದ್ದು, ಆ ಹಿಂದೆ ನಿಂತ ದಪ್ಪ ಮೀಸೆಯವನು ಇಂಥವನು, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಅಂತ. ನಮ್ಮ ಟೆಂಟಿನ ಗಾಂಧಿ ಕ್ಲಾಸ್ ನೆನಪಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಸ್ವಾರ್ಥದ್ದು. ಈ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆಯುತ್ತದೆ. ಕಲ್ಕತ್ತಾದಲ್ಲಿ 1919ರಲ್ಲಿ ತಯಾರಾದ ‘ಬಿಲ್ವಮಂಗಳ್’ ಚಿತ್ರದ ಒಂದು ಭಾಗ ಸಿಕ್ಕಿದ್ದು ಫ್ರಾನ್ಸಿನಲ್ಲಿ. ಈಗ ಅದರ ಪ್ರತಿ ಪುಣೆಯ ಆರ್ಕೈವ್‌ನಲ್ಲಿದೆ. ಭಾರತದಲ್ಲಿ 1300ಕ್ಕೂ ಹೆಚ್ಚು ಮೂಕಿ ಚಿತ್ರ ಬಂದವು, ಉಳಿದಿರುವುದು 30ರ ಆಸುಪಾಸು. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಲ್ಲಿ ತೆರೆಕಂಡಿತು. ತೆಗೆದಿದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಇವತ್ತು ನೋಡೋಣ ಅಂದರೆ ಒಂದು ಅಡಿ ಫಿಲ್ಮೂ ಇಲ್ಲ. ನಮ್ಮ ಸೆಕೆ, ಮಳೆ, ಗೆದ್ದಲು ನೆನೆದರೆ ಊರಲ್ಲಿ ಸಿಗುವ ಆಸೆ ನನಗೆ ಕಮ್ಮಿ. ಯಾರದ್ದೋ ಟ್ರಂಕಿನಲ್ಲಿ ಹಡಗು ಹತ್ತಿ ಹೋಗಿ ಎಲ್ಲೋ ಚಳಿಯ ದೇಶದ ಅಟ್ಟದಲ್ಲಿ ಮಲಗಿದ್ದರೆ ಅಂತ ಒಂದೊಂದು ಸಲ ಅನ್ನಿಸುತ್ತದೆ. ಅದು ಸಿಕ್ಕಿದವರಿಗೆ ಅದರ ಮೇಲಿನ ಅಕ್ಷರ ಓದೋಕೆ ಬರಲ್ಲ. ನಮ್ಮ ಹಾಗೇ ಅವರೂ ಮೂಗು ಮುಚ್ಚಿಕೊಂಡು ಚೀಲಕ್ಕೆ ತುಂಬದಿರಲಿ.

ಫ್ರೀಮಾಂಟ್ ಸುತ್ತಮುತ್ತ ಇರುವವರು ನೈಲ್ಸ್‌ಗೆ ಬನ್ನಿ. ಶನಿವಾರ ಸಂಜೆ ಸಾಮಾನ್ಯವಾಗಿ ಮೂರನೇ ಸಾಲಿನಲ್ಲಿ ಕೂತಿರುತ್ತೇನೆ, ಹಸಿರು ಸ್ವೆಟರ್. ಡಬ್ಬಿ ಸಿಕ್ಕಿದ್ದರೆ ತೋರಿಸಿ. ಡಬ್ಬಿ ತರಬೇಡಿ ಮತ್ತೆ, ಥಿಯೇಟರ್ ನೂರು ವರ್ಷಕ್ಕೂ ಹಳೆಯದು. ಫೋಟೊ ತನ್ನಿ ಸಾಕು.

ಇಂತಿ,
ಒಂದು ಡಬ್ಬಿ ಕಳೆದವಳು